ಪೆನಿಯಾಮಿನ ಬಾಯಿಬಿಟ್ಟ ಸಂಜೆ

ನಮ್ಮ ದ್ವೀಪದ ಅಪಿಯಾ ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಮೂಟೆ ಹೊತ್ತ ಪೆನಿಯಾಮಿನ ಹೆದರುತ್ತಿದ್ದದ್ದು ಒಂದೇ ಒಂದಕ್ಕೆ: ನಾಲ್ಕು ಜನರ ಮುಂದೆ ಗಟ್ಟಿಯಾಗಿ ಪ್ರಾರ್ಥಿಸುವುದಕ್ಕೆ. ನಮ್ಮಲ್ಲಿ ಮೂರು ವರ್ಷದ ಕೂಸೂ ಕಣ್ಣು ಮುಚ್ಚಿ ದೇವರನ್ನು ಕರೆದುಬಿಡುತ್ತದೆ. ಇವನು ಹದಿನಾರರ ವಯಸ್ಸಿನಲ್ಲಿ ತುಂಬಿದ ಇಗರ್ಜಿಯಲ್ಲಿ ಎದ್ದು ನಿಂತು "ಕರ್ತನೇ" ಎಂದ. ಮುಂದಿನ ಮಾತು ಬರಲೇ ಇಲ್ಲ. ಜನ ನಕ್ಕರು. ಅಂದಿನಿಂದ ಬಾಯಿಗೆ ಬೀಗ.

ಅದಕ್ಕೇ ವರ್ಷಕ್ಕೊಮ್ಮೆ ಇಗರ್ಜಿಯ ತಂಡ ದೂರದ ಹಳ್ಳಿಗೆ ಸೇವೆಗೆ ಹೊರಟರೆ ಎಲ್ಲರಿಗಿಂತ ಮೊದಲು ಹಡಗು ಹತ್ತುವವನು ಇವನೇ. ಬಂಡೆ ಒಡೆಯುವುದು, ದಿಮ್ಮಿ ಹೊರುವುದು, ಕಕ್ಕಸಿನ ಗುಂಡಿ ತೋಡುವುದು, ಯಾರಿಗೂ ಬೇಡವಾದ ಕೆಲಸವೆಲ್ಲ ಇವನಿಗೆ ಬೇಕು. ಬೆವರು ಕಣ್ಣಿಗಿಳಿಯುವ ಹೊತ್ತಿಗೆ ದೇವರೂ ಪಕ್ಕದಲ್ಲೇ ಏದುಸಿರು ಬಿಡುತ್ತಿದ್ದಾನೆ ಅನ್ನಿಸುತ್ತಿತ್ತು. "ನಮ್ಮನೆಯವ್ರಿಗೆ ಪ್ರಾರ್ಥನೆ ಬಾಯಲ್ಲಿಲ್ಲ, ಬೆನ್ನಲ್ಲಿದೆ" ಎಂದು ಹೆಂಡತಿ ಫುವಾತಿನೋ ಆಡಿಕೊಳ್ಳುತ್ತಿದ್ದಳು. ಆಡಿಕೊಂಡರೂ ಮಾತು ಸುಳ್ಳಲ್ಲ.

ಆ ವರ್ಷ ಹೋದದ್ದು ಸವಾಯಿ ದ್ವೀಪದ ಕಡಲಂಚಿನ ಹಳ್ಳಿಗೆ. ಚಂಡಮಾರುತಕ್ಕೆ ಅಲ್ಲಿನ ಬಾವಿಗೆ ಉಪ್ಪುನೀರು ನುಗ್ಗಿತ್ತು, ಹೊಸದು ತೋಡಬೇಕಿತ್ತು. ನೆಲವೆಲ್ಲ ಮರಳು, ಹವಳದ ಚೂರು. ಒಳಗಿಳಿದವನು ಪೆನಿಯಾಮಿನ, ಮೇಲೆ ಹಗ್ಗ ಹಿಡಿದವನು ಬಂದರಿನ ಜೊತೆಗಾರ ಸಕಾಯೊ. ಐದನೆಯ ದಿನ ಊಟಕ್ಕೆ ಕೂತಾಗ ಪಾದ್ರಿಗಳು ನಗುತ್ತಲೇ ಹೇಳಿದರು: "ಪೆನಿ, ಇವತ್ತು ಸಂಜೆ ಪ್ರಾರ್ಥನೆ ನಿಂದು. ಊರಿನ ಹಿರಿಯರೂ ಬರ್ತಾರೆ. ತಪ್ಪಿಸ್ಕೊಳ್ಳೋ ಹಾಗಿಲ್ಲಪ್ಪ."

ಪೆನಿಯಾಮಿನ ಕೈಲಿದ್ದ ಕೆಸುವಿನ ಗೆಡ್ಡೆಯನ್ನು ಎಲೆಯ ಮೇಲಿಟ್ಟು ಬಾವಿಗಿಳಿದುಬಿಟ್ಟ.

ಹೊತ್ತು ಇಳಿಯಿತು. ಹಿರಿಯರು ಬಂದು ಬಾವಿಯ ಬಳಿಯ ಮರದಡಿ ಚಾಪೆ ಹಾಸಿಕೊಂಡರು. ಸಕಾಯೊ ಬಗ್ಗಿ ಕೂಗಿದ: "ಏಯ್ ಪೆನಿ, ಹತ್ತಿ ಬಾರೋ! ಶಂಖ ಊದೋ ಹೊತ್ತಾಯ್ತು."

"ಇನ್ನೆರಡು ಬುಟ್ಟಿ."

"ಆವಾಗಿಂದ ಅದೇ ಎರಡು ಬುಟ್ಟಿ! ಪ್ರಾರ್ಥನೆ ಏನು ಕಚ್ಚತ್ತೇನೋ ನಿನ್ನ?"

ಶಂಖ ಮೊಳಗಿತು. ಊದಿದ ಮೇಲೆ ಹಳ್ಳಿಯಲ್ಲಿ ಯಾರೂ ಅಲ್ಲಾಡುವಂತಿಲ್ಲ. ಇದ್ದಲ್ಲೇ ಕೂತು ತಲೆ ಬಗ್ಗಿಸಬೇಕು, ಮತ್ತೆ ಶಂಖ ಊದುವವರೆಗೆ ಅದು ದೇವರ ಹೊತ್ತು. ಪಾದ್ರಿಗಳೇ ವಿಧಿಯಿಲ್ಲದೆ ಹಾಡು ಎತ್ತಿಕೊಂಡರು. ಸದ್ಯ ಪಾರಾದೆ ಎಂದು ಪೆನಿಯಾಮಿನ ಗೋಡೆಗೆ ಒರಗಿದ.

ಒರಗಿದ್ದೇ ತಪ್ಪಾಯಿತು. ಗೋಡೆ ಸರ್ರನೆ ಜಾರಿ ಮೊಣಕಾಲು, ತೊಡೆ, ಸೊಂಟದವರೆಗೆ ಅವನನ್ನು ಹುಗಿಯಿತು. ಕಾಲೆಳೆದರೆ ಇನ್ನಷ್ಟು ಕುಸಿಯಿತು. ಕೆಳಗೆ ತಣ್ಣನೆ ನೀರು ಒಸರುತ್ತಿತ್ತು. ತಲೆಯ ಮೇಲೆ ಒಂದೊಂದೇ ಕಲ್ಲು ಸಡಿಲವಾಗುವುದು ಕಾಣುತ್ತಿತ್ತು. ಕೂಗಬೇಕು. ಆದರೆ ದೇವರ ಹೊತ್ತಿನಲ್ಲಿ ಕೂಗುವುದೆ? ಅಷ್ಟು ಜನ ತಲೆಯೆತ್ತಿ ನೋಡುತ್ತಾರೆ! ಸಾವು ಸೊಂಟಕ್ಕೆ ಬಂದಿದ್ದರೂ ಪುಣ್ಯಾತ್ಮನಿಗೆ ಅದೇ ಭಯ.

ಮರಳು ಎದೆಗೆ ಬಂತು. ಉಸಿರೆಳೆಯುವುದೇ ಕಷ್ಟವಾಯಿತು. ಆಗ ಮೂವತ್ತು ವರ್ಷ ಒಳಗೇ ಕೂತಿದ್ದ ಮಾತು ಕಿತ್ತುಕೊಂಡು ಬಂತು.

"ಕರ್ತನೇ! ಮುಳುಗ್ತಾ ಇದೀನಿ! ನನ್ನ ಮೇಲಕ್ಕೆತ್ತು!"

ಮೇಲೆ ಹಾಡು ನಿಂತಿತು. ಹಿರಿಯರೊಬ್ಬರ ಗದ್ಗದ ಸ್ವರ ಕೇಳಿಸಿತು: "ಆಮೆನ್."

ಪೆನಿಯಾಮಿನ ಮತ್ತೆ ಕೂಗಿದ: "ಕರ್ತನೇ, ಬೇಗ! ಉಸಿರು ಕಟ್ತಾ ಇದೆ!"

"ಆಮೆನ್!" ಈ ಸಲ ಎಲ್ಲರೂ ಅಂದರು. ಎಂಥ ಪ್ರಾರ್ಥನೆ ಎಂದು ಯಾರೋ ಮೂಗೊರೆಸಿಕೊಂಡರು. ಕತ್ತಿನವರೆಗೆ ಮರಳು ಬಂದವನಿಗೆ ಆ ಆಮೆನ್ ಸಮಾಧಿಯ ಮೇಲೆ ಹಿಡಿಮಣ್ಣು ಹಾಕಿದ ಹಾಗೆ ಕೇಳಿಸಿತು.

ಅಷ್ಟರಲ್ಲಿ ಸಕಾಯೊ ಕಿರುಚಿದ: "ನಮ್ಮ ಪೆನಿ ಗಟ್ಟಿಯಾಗಿ ಪ್ರಾರ್ಥನೆ ಮಾಡೋದಾ? ಅಯ್ಯೋ, ಸಾಯ್ತಿದಾನೆ ಕಣ್ರೋ ಅವನು!"

ಶಂಖದ ಕಟ್ಟಳೆ ಮುರಿದು ಅವನು ಹಗ್ಗ ಹಿಡಿದು ಜಾರಿದ. ಹಿಂದೆಯೇ ಇನ್ನಿಬ್ಬರು ಇಳಿದರು. ದೇವರ ಹೊತ್ತು ಮುಗಿಯಿತೆನ್ನುವ ಶಂಖ ಮೊಳಗುವಾಗ ಹಿರಿಯರೂ ಮೊಣಕಾಲೂರಿ ಹಗ್ಗ ಜಗ್ಗುತ್ತಿದ್ದರು. ಸಕಾಯೊನನ್ನು ಯಾರೂ ಏನೂ ಅನ್ನಲಿಲ್ಲ.

ಮರುದಿನ ಗೋಡೆ ಜಾರದಂತೆ ಹಲಗೆ ಕೊಟ್ಟರು. ಇಳಿ ಎಂದು ಪೆನಿಯಾಮಿನನಿಗೆ ಯಾರೂ ಹೇಳಲಿಲ್ಲ. ಅವನೇ ಬಂದು ಸಲಿಕೆ ಎತ್ತಿಕೊಂಡ.

"ಬೇಡ ಬಿಡೋ ಮಾರಾಯ" ಎಂದ ಸಕಾಯೊ.

"ಒಳಗೆ ಗಟ್ಟಿಯಾಗಿ ಪ್ರಾರ್ಥನೆ ಮಾಡ್ತಾನೇ ಇರ್ತೀನಿ. ಸದ್ದು ನಿಂತ್ರೆ ಎಳ್ಕೋ."

"ಏನಂತ ಮಾಡ್ತೀಯ?"

"ಹೆದರಿಕೆ ಆಗ್ತಿದೆ ಅಂತ."

ಕುಡಿಯುವಷ್ಟು ನೀರು ಸಿಗುವವರೆಗೂ ಬಾವಿಯಿಂದ ಸಲಿಕೆಯ ಸದ್ದಿನ ಜೊತೆ ನಡುಗುವ ದನಿ ಬರುತ್ತಲೇ ಇತ್ತು. ಮೇಲೆ ಯಾರೂ ಆಮೆನ್ ಅನ್ನಲಿಲ್ಲ, ಯಾರೂ ಕಣ್ಣು ಮುಚ್ಚಲಿಲ್ಲ. ಎಲ್ಲರೂ ಹಗ್ಗ ಹಿಡಿದು ಬಗ್ಗಿ ನೋಡುತ್ತಲೇ ಕೂತಿದ್ದರು.