ಖಾಲಿ ಕೊಡ ಹೊತ್ತವರ ನಡಿಗೆ

ಮಾನ್ವಿಯಲ್ಲಿ ದೇವದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಜನ ನಡೆಯಲೆಂದೇ ಪುರಸಭೆ ಹೊಸದಾಗಿ ಮಾಡಿಸಿದ ಉದ್ಯಾನದಲ್ಲಿ ಕುಳಿತೆ. ಹೆಂಗಸರು ಸುತ್ತು ಹಾಕುತ್ತಿದ್ದರು. ಎಲ್ಲರ ಸೊಂಟದಲ್ಲೂ ಖಾಲಿ ಕೊಡ. ಹತ್ತಿರದಲ್ಲೆಲ್ಲೂ ನಲ್ಲಿ ಇರಲಿಲ್ಲ.

ಪಕ್ಕದಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ಹುಲಿಗೆಮ್ಮ ಎಂಬಾಕೆಯನ್ನು ಈ ಕೊಡ ಯಾಕೆಂದು ಕೇಳಿದೆ.

"ಕೊಡ ಇಲ್ಲದ ಹೊಂಟ್ರ, ಎಲ್ಲಿಗಿ ಹೊಂಟಿ ಅಂತ ಓಣಿ ತುಂಬ ಕೇಳ್ತಾರ್ರಿ. ನನಗ ಸಕ್ಕರಿ ಬ್ಯಾನಿ ಅದ, ದಿನಾ ನಡಿ ಅಂದಾರ ಡಾಕ್ಟರು. ನಮ್ಮಕ್ಕ ನಡೀಲಿಲ್ಲ." ಆಕೆ ಮೊಣಕಾಲಿನ ಕೆಳಗೆ ಬೆರಳಿನಿಂದ ಅಡ್ಡಗೆರೆ ಎಳೆದಳು. "ಇಲ್ಲೀತನ ಕಡದ್ರು."

ಅಷ್ಟರಲ್ಲಿ ಆಕೆಯ ಅತ್ತೆ ಗೇಟಿನಲ್ಲಿ ಕಾಣಿಸಿಕೊಂಡರು. "ನೀರಿಗಿ ಹೋದಾಕಿ ಇಲ್ಲೇನು ಮಾಡಾಕತ್ತೀಬೇ?"

ಹುಲಿಗೆಮ್ಮ ಎದ್ದು ನಿಂತಳು. "ನಡ್ಯಾಕತ್ತೀನಿ, ಯವ್ವಾ."

ಅತ್ತೆ ಸುತ್ತು ಹಾಕುವವರನ್ನೆಲ್ಲ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಗಿಸಿದರು.

"ಒಬ್ಬಾಕೀನೇ ಬಂದೀಯಲ್ಲ, ನನಗೇನು ಕಾಲಿಲ್ಲೇನು?"