ಹಾನಗಲ್ಲಿನಿಂದ ಬಂದ ಅರಿಷಿಣ

ಮೊನ್ನೆ ಮಗ ಪೇಟೆಯಿಂದ ಅರಿಷಿಣದ ಕೊಂಬು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದ. ನಾನು ಒಂದನ್ನು ಎತ್ತಿ ಮುರಿಯಲು ನೋಡಿದೆ. ಸಪ್ಪಳವೇ ಇಲ್ಲದೆ ಹಸಿ ಕಡ್ಡಿಯಂತೆ ಬಾಗಿತು. ಮೂಗಿಗೆ ಹಿಡಿದರೆ ಗೋಣಿಚೀಲದ ವಾಸನೆ ಬಂತು, ಅರಿಷಿಣದ್ದು ಬರಲಿಲ್ಲ. "ಇದನ್ನ ತಿರುಗಿ ಕೊಟ್ಟು ಬಾ" ಎಂದೆ. "ಎಲ್ಲಾರೂ ಇದನ್ನ ಒಯ್ಯಾಕತ್ತಾರವ್ವಾ" ಎಂದು ಮಗ ನಕ್ಕ. ಎಲ್ಲರೂ ಒಯ್ಯುತ್ತಿದ್ದರೆ ಒಯ್ಯಲಿ. ನನಗೆ ಅರಿಷಿಣ ನೋಡುವುದನ್ನು ಕಲಿಸಿದವಳು ಎಲ್ಲರೂ ಮಾಡಿದ್ದನ್ನು ತಾನೂ ಮಾಡುವ ಜಾತಿಯವಳಲ್ಲ...

ಅವಳು ನನ್ನ ಚಿಗವ್ವ, ಅಂದರೆ ಅಪ್ಪನ ತಮ್ಮನ ಹೆಂಡತಿ. ನನಗಿಂತ ಕೆಲವೇ ವರ್ಷ ದೊಡ್ಡವಳು. ರಟ್ಟೀಹಳ್ಳಿ ಕಡೆಯಿಂದ ಮಾಸೂರಿನ ನಮ್ಮ ಮನೆಗೆ ಸೊಸೆಯಾಗಿ ಬರುವಾಗ ತವರಿನ ಹಿತ್ತಲಿನ ಅರಿಷಿಣದ ಗಡ್ಡೆಗಳನ್ನು ಬಿತ್ತನೆಗೆಂದು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದಳಂತೆ. ಗಿಡ್ಡನೆಯ, ಗಂಟು ಗಂಟಾದ ತಳಿ ಅದು. ಮುರಿದರೆ ಒಳಗೆ ಹಳದಿಯಲ್ಲ, ಕೆಂಪಿಗೆ ತಿರುಗಿದ ಬಣ್ಣ. ಚಿಕ್ಕಪ್ಪ ಮದಗದ ಕೆರೆಯ ಕಾಲುವೆ ಕೆಳಗಿನ ತನ್ನ ಪಾಲಿನ ಹೊಲವನ್ನು ಅದಕ್ಕೇ ಬಿಟ್ಟ. ಊರಿನವರು ನಕ್ಕರು. ಎರಡು ಬೆಳೆ ಬಂದ ಮೇಲೆ ಅದೇ ಊರಿನವರು ಮಗಳ ಮದುವೆ ಗೊತ್ತಾದ ಕೂಡಲೇ ಕಾಳು ಕೇರುವ ಮರ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರತೊಡಗಿದರು.

ಆಮೇಲೆ ಚಿಕ್ಕಪ್ಪ ಜ್ವರದಲ್ಲಿ ತೀರಿಕೊಂಡ.

ಹೊಲ ಅದೇ, ಗಡ್ಡೆ ಅದೇ, ಬೆಳೆಯುವ ಕೈಯೂ ಅದೇ. ಆದರೆ ಆ ವರ್ಷದಿಂದ ಮದುವೆಯ ಅರಿಷಿಣಕ್ಕೆ ಒಬ್ಬರೂ ಬರಲಿಲ್ಲ. ಗಂಡ ಸತ್ತವಳು ಬೆಳೆದ ಅರಿಷಿಣ ಮದುಮಗಳ ಮೈಗೆ ಹತ್ತಬಾರದಂತೆ. ಸಾರಿಗೆ ಹಾಕಬಹುದು, ಗಾಯಕ್ಕೆ ಒತ್ತಬಹುದು, ಮದುವೆಗೆ ಮಾತ್ರ ಬೇಡ. ಚಿಕ್ಕಪ್ಪ ಸತ್ತ ಸುದ್ದಿಯನ್ನು ನೆಲದೊಳಗಿನ ಗಡ್ಡೆಗೆ ಯಾರು ಹೋಗಿ ಹೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ.

ಎಲ್ಲರಿಗಿಂತ ಹೆಚ್ಚು ಹಟ ಹಿಡಿದವನು ನಮ್ಮಪ್ಪ. ಕೆಟ್ಟವನಲ್ಲ, ಮನೆತನ ಮನೆತನ ಎಂದು ಅದರ ಭಾರದಲ್ಲೇ ನಡು ಬಗ್ಗಿದವನು. ಒಂದು ದಿನ ಪಡಸಾಲೆಯಲ್ಲಿ ಕುಳಿತು, ಬಾಗಿಲ ಹಿಂದೆ ನಿಂತಿದ್ದ ಚಿಗವ್ವನಿಗೆ ಕೇಳುವಂತೆ ಹೇಳಿದ: "ಆ ಹೊಲಾ ನನಗ ಬಿಡು. ಭತ್ತಾ ಹಾಕತೇನಿ. ನಿನಗ ವರ್ಷದ ಕಾಳು ನಾ ಕೊಡತೇನಿ."

"ಕಾಳು ಬ್ಯಾಡ್ರಿ ಬಾವಾರ. ಹೊಲಾ ಐತಲ್ಲ, ನಾನ ಬೆಳಕೊಂತೇನಿ" ಎಂದಳು ಚಿಗವ್ವ. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ.

ಮುಂಗಾರಿನ ಮೊದಲ ಮಳೆಗೆ ಗಡ್ಡೆ ಊರಿ, ಕಳೆ ತೆಗೆದು, ಬುಡಕ್ಕೆ ಮಣ್ಣು ಏರಿಸಿ, ಚಳಿಗಾಲ ಮುಗಿಯುವ ಹೊತ್ತಿಗೆ ಎಲೆ ಒಣಗಿ ಬಿದ್ದ ಮೇಲೆ ಅಗೆದು ತೆಗೆಯುವ ಬೆಳೆ ಅದು. ಅಗೆದದ್ದನ್ನು ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಬೇಯಿಸಬೇಕು. ಬೇಯಿಸಲು ಶುರು ಮಾಡುವಾಗ ಮೊದಲ ಬುಟ್ಟಿಯನ್ನು ಮುತ್ತೈದೆಯೇ ಸುರಿಯಬೇಕೆಂಬುದು ನಮ್ಮಲ್ಲಿನ ವಾಡಿಕೆ. ಆ ವರ್ಷ ಚಿಗವ್ವ ಮನೆ ಮನೆಗೆ ಹೋಗಿ ಕರೆದಳು. ಒಬ್ಬಳಿಗೆ ತಲೆನೋವು, ಇನ್ನೊಬ್ಬಳ ಎಮ್ಮೆಗೆ ಹುಷಾರಿಲ್ಲ. ನೀರು ಕುದಿಯತೊಡಗಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಬುಟ್ಟಿ ಎತ್ತಿ ಸುರಿದಳು. ಕೊಪ್ಪರಿಗೆ ಒಡೆಯಲಿಲ್ಲ, ಬೆಂಕಿ ಆರಲಿಲ್ಲ. ಮೇಲೆ ಅರಿಷಿಣದ್ದೇ ಎಲೆ ಮುಚ್ಚಿ ಕುದಿಸಿದಾಗ ಬಿಳಿ ನೊರೆ ಎದ್ದು ಓಣಿಯ ತುಂಬ ಘಮ ಹಬ್ಬಿತು. ತಲೆನೋವಿನವಳು ಬಾಗಿಲಿಗೆ ಬಂದು ಮೂಗು ಅರಳಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಅವಳ ಮಾಲಿನಲ್ಲಿ ಚಲೋದನ್ನು ಒಯ್ಯುತ್ತಿದ್ದವರು ಸವಣೂರಿನ ಹಕೀಮರು. ಔಷಧಕ್ಕೆ ಬೇಕಾದದ್ದರಿಂದ ಬಹಳ ಕಟ್ಟುನಿಟ್ಟು. ಮೊದಲ ಸಲ ಬಂದಾಗ ಅರ್ಧ ಮಾಲನ್ನು ಬೇಡವೆಂದು ತೆಗೆದಿಟ್ಟರು. ಚಿಗವ್ವ ಅಳಲಿಲ್ಲ, ಯಾಕೆ ಬೇಡ ಎಂದು ಕೇಳಿದಳು. ಅವರು ತಾಳ್ಮೆಯಿಂದ ತೋರಿಸಿಕೊಟ್ಟರು. ಮುರಿದರೆ ಟಣ್ಣೆನ್ನಬೇಕು. ನಾಲಿಗೆಗೆ ಮೊದಲು ಕಹಿ, ಹಿಂದೆಯೇ ಖಾರ ಬರಬೇಕು. ಕಲ್ಲಿನ ಮೇಲೆ ನೀರಿನಲ್ಲಿ ತೇದು ಮುಂಗೈಯ ಒಳಮೈಗೆ ಹಚ್ಚಿ, ಒಣಗಿದ ಮೇಲೆ ತೊಳೆದರೆ ಬಣ್ಣ ಒಂದೇ ಸಮ ನಿಲ್ಲಬೇಕು, ತುರಿಕೆ ಏಳಬಾರದು. "ಚೀನಾ ದೇಶದ ಹಕೀಮರೂ ಇದನ್ನ ನೋವಿಗೆ ಕೊಡ್ತಾರ ಬೇಟಿ. ಔಷಧಕ್ಕ ಹೋಗೂ ಚೀಜು, ಧಿಮಾಕಿನಿಂದ ಬೆಳಿ" ಎಂದರು.

ಅಂದಿನಿಂದ ಒಂದು ಚೀಲವೂ ಅವಳ ಮುಂಗೈಯ ಪರೀಕ್ಷೆಯಿಲ್ಲದೆ ಹೊರಗೆ ಹೋಗಲಿಲ್ಲ. ಅದೇ ದೊಡ್ಡ ಅಪರಾಧವಾಯಿತು. ಕಾಲುವೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ವಿಧವೆಯ ಕೈಯಲ್ಲಿ ಅರಿಷಿಣ ಕಂಡು ಪಿಸುಗುಟ್ಟಿದರು. ಪಿಸುಮಾತು ಅಪ್ಪನಿಗೆ ಮುಟ್ಟಿತು. ಬೇರೆ ಯಾರ ಕೈಗಾದರೂ ಹಚ್ಚಿ ನೋಡು ಎಂದು ಹೇಳಿ ಕಳಿಸಿದ. "ಕೆಟ್ಟ ಮಾಲಿದ್ರ ನನ್ನ ತೊಗಲು ಕೆಡಲಿ. ಮಂದೀದು ಯಾಕ ಕೆಡಬೇಕು?" ಎಂದು ಇವಳು ಹೇಳಿ ಕಳಿಸಿದಳು. ಒಂದೇ ಮನೆಯಲ್ಲಿದ್ದ ಅವರಿಬ್ಬರ ನಡುವೆ ಈ ಸುದ್ದಿ ಹೊತ್ತು ತಿರುಗುವುದು ನನ್ನ ಕೆಲಸ. ಮುಂದೆ ಚೀನಾದ ಜೊತೆ ಯುದ್ಧ ಬಂದಾಗ ಅಪ್ಪನಿಗೆ ಹೊಸ ಅಸ್ತ್ರ ಸಿಕ್ಕಿತು. ವೈರಿಗಳ ಔಷಧ ನಮ್ಮ ಹೊಲದಲ್ಲಿ ಯಾಕೆ ಎಂದ. ಚಿಗವ್ವ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ...

ಯುದ್ಧ ಮುಗಿದ ಕೆಲ ದಿನಗಳಿಗೆ ದುಂಡಸಿಯ ಹುಡುಗನೊಡನೆ ನನ್ನ ಮದುವೆ ಗೊತ್ತಾಯಿತು. ಹಕೀಮರು ಒಯ್ದು ಉಳಿದ ಮಾಲು ಹಿರೇಕೆರೂರಿನ ಅಂಗಡಿಗಳಿಗೆ ಹೋಗುತ್ತಿದ್ದದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಅಪ್ಪ ಹಿರೇಕೆರೂರನ್ನು ಬಿಟ್ಟು, ಬಸ್ಸು ಬದಲಿಸಿ, ಹಾನಗಲ್ಲಿಗೆ ಹೋಗಿ ಅರಿಷಿಣ ತಂದ. ಅಸಲು ಸಾಂಗ್ಲಿ ಮಾಲು ಎಂದು ಅಂಗಡಿಯವನು ಆಣೆ ಮಾಡಿದ್ದನಂತೆ. ಒಂದು ಊರಿನ ಅಂಗಡಿಯಿಂದ ಇನ್ನೊಂದು ಊರಿನ ಅಂಗಡಿಗೆ ಮಾಲು ಹೋಗುತ್ತದೆ ಎಂಬುದು ಅಪ್ಪನಿಗೆ ಹೊಳೆದಿರಲಿಲ್ಲ.

ಅರಿಷಿಣ ಕುಟ್ಟುವ ಶಾಸ್ತ್ರದ ದಿನ ದುಂಡಸಿಯಿಂದ ಬೀಗರ ಹೆಂಗಸರು ಬಂದಿದ್ದರು. ನನ್ನ ಅತ್ತೆಯಾಗಲಿದ್ದವರು ಒರಳಿನ ಪಕ್ಕದಲ್ಲೇ ಕುಳಿತಿದ್ದರು. ಒನಕೆಗೆ ಪೂಜೆಯಾಯಿತು. ಚೀಲ ಬಿಚ್ಚಿ ಮರಕ್ಕೆ ಸುರಿದರು. ನಾನು ನೋಡಿದೆ. ಗಿಡ್ಡನೆಯ, ಗಂಟು ಗಂಟಾದ ಕೊಂಬುಗಳು. ಒಂದನ್ನು ಎತ್ತಿ ಮುರಿದೆ, ಟಣ್ಣೆಂದಿತು. ಒಳಗೆ ಅದೇ ಕೆಂಪು. ತಲೆ ಎತ್ತಿದರೆ, ಹಿತ್ತಲ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಚಿಗವ್ವ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಗೊತ್ತಾಗಿತ್ತು. ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದಳು. ಬೀಗರ ಮುಂದೆ ಮಾತು ಎದ್ದರೆ ನನ್ನ ಮದುವೆ ಮುರಿಯಬಹುದೆಂಬ ಹೆದರಿಕೆ ಅವಳದು. ತನ್ನ ವಿಷಯದಲ್ಲಿ ಯಾರಿಗೂ ಹೆದರದವಳು ನನಗಾಗಿ ಹೆದರಿದ್ದಳು. ನನಗೆ ಅದನ್ನು ಸಹಿಸಲಾಗಲಿಲ್ಲ.

"ಇದು ಸಾಂಗ್ಲೀದಲ್ಲ. ನಮ್ಮ ಚಿಗವ್ವ ಬೆಳದದ್ದು" ಎಂದೆ.

ಒನಕೆ ಎತ್ತಿದ ಕೈಗಳು ಹಾಗೇ ನಿಂತವು. ಬೀಗರ ಕಡೆಯ ಹಿರಿಯ ಹೆಂಗಸೊಬ್ಬಳು ಕೈ ಝಾಡಿಸಿ ಎದ್ದಳು. ಸುದ್ದಿ ತಿಳಿದು ಅಪ್ಪ ಪಡಸಾಲೆಯಿಂದ ಓಡಿಬಂದ. ಅವನ ಮುಖ ನೋಡುವ ಹಾಗಿರಲಿಲ್ಲ. "ತಪ್ಪು ತಿಳಿಬ್ಯಾಡ್ರಿ, ಈಗಿಂದೀಗ ಬ್ಯಾರೇದು ತರಸ್ತೇನಿ" ಎಂದು ಬೀಗರಿಗೆ ಕೈಮುಗಿದ.

"ಬ್ಯಾರೇದು ಬಂದ್ರ ನಾ ಹಚ್ಚಿಕೊಳ್ಳಂಗಿಲ್ಲ" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಕೇಳಬೇಡಿ. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಆಗ ಚಿಗವ್ವ ಒಳಗೆ ಬಂದಳು. ಶುಭಕಾರ್ಯ ನಡೆದಿರುವಾಗ ಅವಳು ಆ ಹೊಸ್ತಿಲು ದಾಟಿದ್ದು ಗಂಡ ಸತ್ತ ಮೇಲೆ ಅದೇ ಮೊದಲು. ಯಾರನ್ನೂ ನೋಡಲಿಲ್ಲ. ಮರದಿಂದ ಒಂದು ಕೊಂಬು ಆರಿಸಿ, ತೇಯುವ ಕಲ್ಲಿಗೆ ನೀರು ಹಾಕಿ, ನೆಲದ ಮೇಲೆ ಕುಳಿತು ತೇದಳು. ಅಷ್ಟೂ ಜನರ ಎದುರಿಗೆ ಬಳೆಯಿಲ್ಲದ ಮುಂಗೈಗೆ ಹಚ್ಚಿಕೊಂಡಳು. ಅದು ಒಣಗುವವರೆಗೆ ಹಾಗೇ ಕುಳಿತಳು. ನಾವೂ ಕುಳಿತೆವು. ಆಮೇಲೆ ಚೆಂಬಿನ ನೀರಲ್ಲಿ ಕೈ ತೊಳೆದು, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮಾಲು ಚಲೋ ಐತಿ. ಕುಟ್ರಿ" ಎಂದಳು.

ಅತ್ತೆ ಅಪ್ಪನ ಮುಖ ನೋಡಿದರು, ಎದ್ದು ನಿಂತ ಹಿರಿಯಳ ಮುಖ ನೋಡಿದರು, ಬಾಗಿಲಾಚೆಯ ಬಿಸಿಲು ನೋಡಿದರು. "ಮುಹೂರ್ತ ಮೀರಾಕತ್ತೈತಿ. ಒನಕಿ ಹಿಡೀರಿ" ಎಂದರು. ಅವರ ಮನಸ್ಸು ಬದಲಾಗಿತ್ತೋ, ಹೊತ್ತು ಮೀರುವ ಚಿಂತೆಯೋ, ನಾನು ಅವರ ಸೊಸೆಯಾಗಿ ಅಷ್ಟು ವರ್ಷ ಬದುಕಿದರೂ ಕೇಳಲಿಲ್ಲ. ಒನಕೆ ಬಿತ್ತು. ನನ್ನ ಮೈಗೆ ಹತ್ತಿದ್ದು ಚಿಗವ್ವ ಬೆಳೆದ ಅರಿಷಿಣವೇ.

ಆದರೆ ಹಚ್ಚಿದ ಕೈ ಅವಳದಲ್ಲ. ಮರುದಿನ ಮುತ್ತೈದೆಯರು ಸಾಲಾಗಿ ಬಂದು ನನ್ನ ಕೆನ್ನೆಗೆ ಹಚ್ಚಿದರು. ಅವಳು ಮತ್ತೆ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ನಾನು ಕರೆದೆ. ಬರಲಿಲ್ಲ. ಮಾಲಿನ ಮಾತು ಬಂದರೆ ಊರನ್ನೇ ಎದುರು ಹಾಕಿಕೊಳ್ಳುವವಳು, ತನಗಾಗಿ ಒಂದು ಹೆಜ್ಜೆ ಮುಂದಿಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಕೈಲಾಗುವವರೆಗೆ ಅವಳು ಅದನ್ನೇ ಬೆಳೆದಳು. ಅವಳು ಹೋದ ಮೇಲೆ ಆ ಹೊಲದಲ್ಲಿ ಭತ್ತ ಬಂತು. ಆ ಗಿಡ್ಡ ತಳಿಯ ಗಡ್ಡೆಗಾಗಿ ರಟ್ಟೀಹಳ್ಳಿಯಲ್ಲೂ ವಿಚಾರಿಸಿದೆ, ಯಾರಲ್ಲೂ ಉಳಿದಿಲ್ಲ...

ನನ್ನ ಹಣೆಯೂ ಬರಿದಾಗಿ ಬಹಳ ವರ್ಷವಾಯಿತು. ಬರುವ ವಾರ ಮೊಮ್ಮಗಳ ಅರಿಷಿಣ. ಮಗ ಕೊಂಬಿನ ಚೀಲ ಕಟ್ಟುತ್ತ, ನನ್ನ ಮುಖ ನೋಡದೆ, "ಅವ್ವಾ, ಆವತ್ತ ನೀ ಒಳಗ ಕುಂತ್ರ ಸಾಕು, ತ್ರಾಸು ತಗೋಬ್ಯಾಡ" ಎಂದ. ನನ್ನ ತ್ರಾಸಿನ ಮೇಲೆ ಎಲ್ಲಿಲ್ಲದ ಕಾಳಜಿ. ನಾನು ಮೊಮ್ಮಗಳನ್ನು ಕರೆದು ಅವನೆದುರಿಗೇ ಹೇಳಿದೆ: "ನಿನಗ ಅರಿಷಿಣ ಹಚ್ಚೂ ಮೊದಲನೇ ಕೈ ನಂದು. ಏಳಾವರು ಏಳಲಿ." ಹುಡುಗಿ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಮಗ ಚೀಲ ಎತ್ತಿಕೊಂಡು ತಿರುಗಿ ಕೊಡಲು ಪೇಟೆಗೆ ನಡೆದ.

ಚಿಗವ್ವ ಇದ್ದಿದ್ದರೆ ಆ ಮೊದಲ ಕೈಯನ್ನು ಅವಳಿಗೇ ಬಿಟ್ಟುಕೊಡುತ್ತಿದ್ದೆ. ಬರಲಾರೆ ಎಂದರೆ ಈ ಸಲ ಕೇಳುತ್ತಿರಲಿಲ್ಲ, ರಟ್ಟೆ ಹಿಡಿದು ಎಳೆದು ತರುತ್ತಿದ್ದೆ. ಅವಳಿಲ್ಲ.