ಕಿರುಚುವ ಪೆಟ್ಟಿಗೆ

ನನ್ನ ಭಾವ ಚರ್ಮದ ಚೀಲ ಹೊಲಿಯುವವನು. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು, ಮಾತು ಉಳಿಯಿತು. ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ, ಏರಿಳಿತವಿಲ್ಲದ ದನಿಯಲ್ಲಿ ಉತ್ತರ ಕೊಡುತ್ತಾನೆ. ಅಕ್ಕನನ್ನು ಮದುವೆಯಾಗಿ ಅವನು ನಮ್ಮ ಮನೆಗೇ ಬಂದು ಸೇರಿದ ಮೇಲೆ ನಾವು ಅವನಿಗೆ ಹೊಂದಿಕೊಂಡೆವೋ, ಅವನೇ ನಮಗೆ ಹೊಂದಿಕೊಂಡನೋ, ಈಗ ಹೇಳುವುದು ಕಷ್ಟ. ಅವನನ್ನು ಕರೆಯಬೇಕಾದರೆ ನೆಲ ಅದುರುವಂತೆ ಕಾಲು ಕುಟ್ಟುತ್ತೇವೆ. ಅಮ್ಮ ಈಗ ಬೆಕ್ಕನ್ನು ಕರೆಯುವುದಕ್ಕೂ ಕಾಲು ಕುಟ್ಟುತ್ತಾಳೆ. ನಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಒಮ್ಮೆ ಗಿರಾಕಿಯೊಬ್ಬರನ್ನು ಹಾಗೇ ಕರೆದು ಯಜಮಾನರಿಂದ ಚೆನ್ನಾಗಿ ಬೈಸಿಕೊಂಡೆ.

ಭಾವ ಚೀಲ ಕೊಟ್ಟು ಬರಲು ಅಂಗಡಿಗೆ ಹೋಗಿದ್ದ ಒಂದು ಮಧ್ಯಾಹ್ನ ಯಾರೋ ಮುಂಬಾಗಿಲ ಬೀಗ ಒಡೆದು ಮನೆಗೆ ನುಗ್ಗಿದರು. ಅಕ್ಕನ ಸರ, ಅಮ್ಮನ ರೇಡಿಯೋ, ಭಾವನ ದಬ್ಬಣ, ಕತ್ತಿಗಳ ಪೆಟ್ಟಿಗೆ, ಎಲ್ಲ ಮಂಗಮಾಯ. ಸಲಕರಣೆಗಳನ್ನು ಹೊಸದಾಗಿ ಕೊಂಡದ್ದಾಯಿತು. ಆದರೆ ಭಾವನ ಕೈ ಮೊದಲಿನಂತೆ ಓಡಲಿಲ್ಲ. ಒಂದು ಹೊಲಿಗೆ ಹಾಕುವುದು, ತಲೆಯೆತ್ತಿ ತಿರುಗಿ ಬಾಗಿಲ ಕಡೆ ನೋಡುವುದು, ಮತ್ತೊಂದು ಹೊಲಿಗೆ ಹಾಕುವುದು, ಮತ್ತೆ ನೋಡುವುದು. ಅವನದು ಕಣ್ಣು ಕದಲಿಸದೆ ಮಾಡಬೇಕಾದ ಕೆಲಸ. ಹೊಲಿಗೆ ಸೊಟ್ಟಗಾಗತೊಡಗಿತು. ಚೀಲದಂಗಡಿಯವರು ಒಂದು ಚೀಲ ವಾಪಸು ಕಳಿಸಿದರು, ಆಮೇಲೆ ಇನ್ನೊಂದು. ಮತ್ತೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿಯೂ ಕಳಿಸಿದರು. ನಾವು, ಪಾಪ, ಹಳೆಯ ಸಲಕರಣೆ ಹೋದ ಬೇಜಾರು ಎಂದುಕೊಂಡೆವು.

ಅಕ್ಕ ಅಂಚೆ ಕಚೇರಿಯ ಕೆಲಸಕ್ಕೆ ಹೊರಟವಳು ಅರ್ಧ ದಾರಿಯಿಂದ ವಾಪಸು ಬಂದು ಬೀಗ ಎಳೆದು ನೋಡುತ್ತಿದ್ದಳು. ಅಮ್ಮನಿಗೆ ಗಾಳಿಗೆ ಕಿಟಕಿ ಬಡಿದರೂ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ಅಲಾರಂ ಹಾಕಿಸುವುದು ಎಂದಾಯಿತು. ಯಾವ ಅಲಾರಂ ಎಂಬಲ್ಲಿಂದ ಮನೆ ರಣರಂಗವಾಯಿತು.

ಅಲಾರಂ ಅಂಗಡಿಯವನು ಬಂದು ಗೋಡೆಗಳನ್ನೆಲ್ಲ ತಟ್ಟಿ ನೋಡಿದ. ತಂತಿಯದಾದರೆ ಗೋಡೆ ಕೊರೆಯಬೇಕು, ಧೂಳಾಗುತ್ತದೆ, ಆದರೆ ಒಮ್ಮೆ ಹಾಕಿದರೆ ಚಿಂತೆಯಿಲ್ಲ, ಗಂಟೆ, ಬಲ್ಬು ಏನು ಬೇಕಾದರೂ ಸೇರಿಸಬಹುದು. ವೈರ್‌ಲೆಸ್ ಆದರೆ ಬಾಗಿಲಿಗೆ ಅಂಟಿಸಿದರೆ ಮುಗಿಯಿತು, ಆದರೆ ಆಗಾಗ ಬ್ಯಾಟರಿ ಬದಲಿಸುತ್ತಿರಬೇಕು. ಇಷ್ಟು ಹೇಳಿ ಅವನು ಹೊರಟುಹೋದ. ನಾವು ಜಗಳಕ್ಕೆ ಕೂತೆವು.

"ಗೋಡೆಗೆ ಈಗ ತಾನೇ ಬಣ್ಣ ಹೊಡೆಸಿದೀನಿ. ಒಂದು ತೂತು ಕೊರೆದ್ರೂ ನಾನು ಸುಮ್ನಿರಲ್ಲ. ವೈರ್‌ಲೆಸ್ಸೇ ಇರ್ಲಿ," ಎಂದಳು ಅಕ್ಕ.

"ಈ ಮನೇಲಿ ಗಡಿಯಾರದ ಬ್ಯಾಟರಿ ಹಾಕೋಕೇ ಪಂಚಾಯ್ತಿ ಸೇರಿಸ್ಬೇಕು. ತಂತೀದೇ ವಾಸಿ," ಎಂದೆ ನಾನು.

"ಯಾವುದಾದ್ರೂ ಹಾಕ್ಸಿ. ಕಿರುಚಿದ್ರೆ ಬೀದಿಗೆ ಬೀದೀನೇ ಎದ್ದು ಬರ್ಬೇಕು. ಯಾವುದು ಜೋರಾಗಿ ಕಿರುಚುತ್ತೆ, ಅದನ್ನ ಕೇಳಿ," ಎಂದಳು ಅಮ್ಮ.

ಭಾವ ನಮ್ಮ ಮೂವರ ಬಾಯಿಗಳನ್ನೂ ಒಂದೊಂದಾಗಿ ನೋಡುತ್ತಿದ್ದ. ಅಕ್ಕ ಅವನ ಕಡೆ ತಿರುಗಿ, "ನೀನೇನಂತೀಯ?" ಎಂದು ಕೇಳಿದಳು.

"ತಂತೀದು," ಎಂದ ಭಾವ.

"ಯಾಕೆ?"

ಅವನು ಏನೋ ಹೇಳಲು ಬಾಯಿ ತೆರೆದ. "ಏನಿಲ್ಲ, ನಿಮ್ಮಿಷ್ಟ," ಎಂದು ಎದ್ದುಹೋದ. ಅವನೂ ನನ್ನ ಪಕ್ಷ ಎಂದು ನನಗೆ ಖುಷಿಯಾಯಿತು. ಯಾಕಿರಬಹುದು ಎಂದು ನಿಂತು ಯೋಚಿಸುವ ವ್ಯವಧಾನ ನನಗೆ ಯಾವತ್ತೂ ಇಲ್ಲ.

ಅಕ್ಕ ಹಿಡಿದ ಪಟ್ಟು ಬಿಡುವವಳಲ್ಲ. ದಿನಗಟ್ಟಲೆ ಕಿತ್ತಾಡಿ ಅವಳೇ ಗೆದ್ದಳು. ಅಂಗಡಿಯವನು ವೈರ್‌ಲೆಸ್ ಪೆಟ್ಟಿಗೆ ತಂದು, ಬಾಗಿಲಿಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ತುಂಡು ಅಂಟಿಸಿ, "ಈಗ ನೋಡಿ," ಎಂದು ಬಾಗಿಲು ತೆಗೆದ.

ಅಬ್ಬಾ, ಅದೆಂಥ ಸದ್ದು! ಅಮ್ಮ ಎರಡೂ ಕಿವಿ ಮುಚ್ಚಿಕೊಂಡು ಕುಸಿದು ಕೂತಳು. ಬೆಕ್ಕು ಪತ್ತೆಯಿಲ್ಲ. ಎದುರು ಮನೆಯ ದರ್ಜಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಓಡಿಬಂದ. ಅಮ್ಮನ ಮುಖದಲ್ಲಿ ನೋವಿನ ಜೊತೆಗೆ ಸಂತೋಷವೂ ಇತ್ತು. ಕೊಟ್ಟ ಕಾಸಿಗೆ ಮೋಸವಿಲ್ಲ ಎಂಬ ಸಂತೋಷ. ಇದನ್ನು ಭಾವನಿಗೂ ತೋರಿಸೋಣ ಎಂದು ನಾನು ಒಳಗೆ ಓಡಿದೆ.

ಭಾವ ಕೋಣೆಯಲ್ಲಿ ನಮಗೆ ಬೆನ್ನು ಹಾಕಿ ಕೂತು ದಾರಕ್ಕೆ ಮೇಣ ಹಚ್ಚುತ್ತಿದ್ದ. ಇಡೀ ಬೀದಿ ಎದ್ದು ನಿಂತಿತ್ತು, ಅವನು ನಿಧಾನವಾಗಿ ದಾರಕ್ಕೆ ಮೇಣ ಹಚ್ಚುತ್ತಿದ್ದ. ನನ್ನ ಹಿಂದೆಯೇ ಬಂದ ಅಕ್ಕ ಅಲ್ಲೇ ನಿಂತಳು. ಹಗಲು ಬಹಳ ಹೊತ್ತು ಈ ಮನೆಯಲ್ಲಿ ಒಬ್ಬನೇ ಇರುವವನು ಅವನು. ಅಮ್ಮನೂ ಮಧ್ಯಾಹ್ನ ಚಿಕ್ಕಮ್ಮನ ಮನೆಗೆ ಹೋಗಿಬಿಡುತ್ತಾಳೆ. ಬೀದಿಗೆ ಕೇಳುವ ಪೆಟ್ಟಿಗೆ ಆರಿಸಲು ಇಷ್ಟು ದಿನ ಗಂಟಲು ಹರಿದುಕೊಂಡಿದ್ದೆವು, ಒಳಗೆ ಕೂತವನಿಗೆ ಅದು ಕೇಳುವುದಿಲ್ಲ ಎಂಬುದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅವನು ಪದೇಪದೇ ತಲೆಯೆತ್ತಿ ನೋಡುತ್ತಿದ್ದುದು ಯಾಕೆಂದು ನನಗೆ ಅರ್ಥವಾದದ್ದೂ ಆಗಲೇ. ಕಳ್ಳ ಇನ್ನೊಮ್ಮೆ ಬಂದರೆ ಬೆನ್ನ ಹಿಂದೆ ನಿಲ್ಲುವವರೆಗೂ ಅವನಿಗೆ ಗೊತ್ತಾಗುವುದಿಲ್ಲ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಕ್ಕ ಸರಸರ ಹೊರಗೆ ಹೋಗಿ ಸದ್ದು ನಿಲ್ಲಿಸಲು ಹೇಳಿದಳು. "ಇದಕ್ಕೆ ಬಲ್ಬು ಹಾಕೋಕಾಗುತ್ತಾ? ಬಾಗಿಲು ತೆಗೆದ್ರೆ ನಮ್ಮವರ ಮೇಜಿನ ಮೇಲೆ ಹೊತ್ಕೋಬೇಕು."

"ಈ ಸೆಟ್ಟಿಗೆ ಆಗಲ್ಲ ಮೇಡಂ. ವೈರ್‌ಲೆಸ್ಸಲ್ಲಿ ಬೇರೆ ಮಾಡೆಲ್ ತರಿಸ್ಬೇಕು, ತಡ ಆಗುತ್ತೆ. ತಂತೀದಾದ್ರೆ ಇವತ್ತೇ ಹಾಕ್ಕೊಡ್ತೀನಿ, ಆದ್ರೆ ಗೋಡೆ..."

"ಒಡೀರಿ," ಎಂದಳು ಅಕ್ಕ.

ಅವನು ಗೋಡೆ ಕೊರೆಯುತ್ತಿದ್ದಾಗ ಅಕ್ಕ ಭಾವನ ಎದುರು ಹೋಗಿ ನಿಂತಳು. "ತಂತೀದು ಅಂದ್ಯಲ್ಲ, ಬಲ್ಬಿಗೋಸ್ಕರ ಅಂತ ಯಾಕೆ ಬಾಯಿ ಬಿಡ್ಲಿಲ್ಲ? ನನಗೆ ಕೇಳಿಸಲ್ಲ ಕಣ್ರೇ ಅಂತ ಒಂದು ಮಾತು ಹೇಳೋಕೇನಾಗಿತ್ತು?"

ಭಾವ ಸೂಜಿಯನ್ನು ಚರ್ಮಕ್ಕೆ ಚುಚ್ಚಿಟ್ಟ. "ಹೋದಲ್ಲೆಲ್ಲ ಜನಕ್ಕೆ ಮೊದಲು ನೆನಪಾಗೋದು ನನ್ನ ಕಿವೀನೇ. ನೀವು ಮೂರು ಜನ ಅಷ್ಟು ದಿನ ಕಿತ್ತಾಡಿದ್ರಿ, ಒಬ್ರಿಗೂ ನೆನಪಾಗ್ಲಿಲ್ಲ. ಅದನ್ನ ನಾನೇ ನೆನಪಿಸೋಕೆ ಮನಸ್ಸು ಬರ್ಲಿಲ್ಲ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಧೂಳು ಎಂದು ಗೊಣಗುತ್ತಾ ಆಚೆ ಹೋದಳು.

ಈಗ ಯಾರು ಬಾಗಿಲು ತೆಗೆದರೂ ಮೇಜಿನ ಮೇಲೆ ಕೆಂಪು ಬಲ್ಬು ಹೊತ್ತಿಕೊಳ್ಳುತ್ತದೆ. ಭಾವ ಆಗ ಮಾತ್ರ ತಲೆ ಎತ್ತುತ್ತಾನೆ. ಹೊಲಿಗೆ ನೆಟ್ಟಗಾಗಿದೆ, ಚೀಲದಂಗಡಿಯವರು ಇನ್ನಷ್ಟು ಚೀಲ ಬೇಕೆಂದಿದ್ದಾರೆ. ನೆಮ್ಮದಿ ಕೆಟ್ಟಿರುವುದು ನಮಗೆ. ಬಲ್ಬು ಹೊತ್ತಿದಾಗಲೆಲ್ಲ ನಮಗೆ ಅವನ ಕಿವಿ ನೆನಪಾಗುತ್ತದೆ. ಅಕ್ಕ ಕಾಲು ಕುಟ್ಟುವ ಬದಲು ಅವನಿದ್ದಲ್ಲಿಗೇ ನಡೆದು ಹೋಗಿ ಮೆಲ್ಲಗೆ ಭುಜ ಮುಟ್ಟುತ್ತಾಳೆ. ನಾನು ಅವನೆದುರು ತಮಾಷೆ ಮಾಡುವುದಕ್ಕೂ ಹಿಂದೆಮುಂದೆ ನೋಡುತ್ತೇನೆ.

ಮೊನ್ನೆ ಅಮ್ಮ ಅವನ ಮುಂದೆ ನಿಂತು, ಬಾಯಿ ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ, "ಊ... ಟ... ಆ... ಯ್ತಾ?" ಎಂದು ಕೇಳಿದಳು.

ಭಾವ ಕೈಯಲ್ಲಿದ್ದ ಚೀಲ ಪಕ್ಕಕ್ಕಿಟ್ಟ. "ಅತ್ತೆ, ಮೊದಲಿನ ಹಾಗೆ ಕಾಲು ಕುಟ್ಟಿ ಕರೀರಿ," ಎಂದ.

ಅಮ್ಮ ಕಾಲು ಎತ್ತಿದಳು. ಕುಟ್ಟಲು ಅವಳಿಂದ ಆಗಲಿಲ್ಲ.